ದನಿ ಕೇಳುತ್ತದೆ, ಚಿತ್ರ ಕಾಣುವುದಿಲ್ಲ: ಮೂಡಲ್ ಪಾಠಗಳ ವಿಡಿಯೊ ತೊಂದರೆಗಳು

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಮೂಡಲ್ ತಾಣವನ್ನು (ಪಾಠಗಳನ್ನು ಆನ್‌ಲೈನ್‌ನಲ್ಲಿ ಇಡುವ ತಂತ್ರಾಂಶದ ತಾಣ) ನಾನು ನೋಡಿಕೊಳ್ಳುತ್ತೇನೆ. ಉಪನ್ಯಾಸಕರು ಫೋನಿನಲ್ಲಿ ತೆಗೆದ ಪಾಠಗಳು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ದನಿ ಮಾತ್ರ ಕೇಳಿಸುತ್ತವೆ, ಚಿತ್ರದ ಜಾಗ ಕಪ್ಪಾಗಿರುತ್ತದೆ. ಕಂಪ್ಯೂಟರ್ ಪರದೆಯನ್ನು ರೆಕಾರ್ಡ್ ಮಾಡಿ ಹಾಕಿದ ಪಾಠಗಳು ಲ್ಯಾಪ್‌ಟಾಪ್‌ನಲ್ಲಿ ಸರಿ, ಐಫೋನಿನಲ್ಲಿ ಮಾತ್ರ ಓಡುವುದಿಲ್ಲ. ಒಂದು ಗಂಟೆಯ, 1.8 ಜಿಬಿ ಅಳತೆಯ ಒಂದು ಪಾಠ ಮನೆಯಲ್ಲಿ 50 ಎಂಬಿಪಿಎಸ್ ಇಂಟರ್‌ನೆಟ್ ಇರುವವರಿಗೂ ಐದು ನಿಮಿಷ ಸುತ್ತುತ್ತಲೇ ಇದ್ದು ಆಮೇಲೆ ಶುರುವಾಗುತ್ತದೆ. ಯೂಟ್ಯೂಬ್‌ನಿಂದ ಜೋಡಿಸಿದ ಪಾಠಗಳಲ್ಲಿ ‘ಎರರ್ 153’ ಬರುತ್ತದೆ. ಹಳೆಯ ಸ್ಕಾರ್ಮ್ ಪ್ಯಾಕೇಜುಗಳು (ಪಾಠ, ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿಟ್ಟ ಗಂಟುಗಳು) ತೆರೆದರೆ ಬರೀ ಬಿಳಿ ಪುಟ. ಸರ್ವರ್ ಬದಲಿಸಬೇಕು ಎಂದು ಹೇಳುತ್ತಿದ್ದಾರೆ. ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರ್ವರ್ ಸದ್ಯಕ್ಕೆ ಹಾಗೇ ಇರಲಿ. ನೀವು ಬರೆದಿರುವುದು ಒಂದು ಕಾಯಿಲೆಯಲ್ಲ, ಐದು. ಅವುಗಳಲ್ಲಿ ಎರಡು ವಿಡಿಯೊ ಫೈಲಿನೊಳಗೇ ಇವೆ. ಒಂದಕ್ಕೆ ಫೈಲು ಮತ್ತು ಸರ್ವರಿನ ಸೆಟ್ಟಿಂಗ್ ಎರಡೂ ಕಾರಣ. ಇನ್ನೊಂದು ತಾಣದ ಒಂದು ಆಯ್ಕೆಯಿಂದ ಬಂದದ್ದು. ಕೊನೆಯದು ಕಾಲ ಮುಗಿದ ತಂತ್ರಜ್ಞಾನ. ಹೊಸ ಯಂತ್ರ ತಂದಿಟ್ಟರೆ ಈ ಐದರಲ್ಲಿ ಒಂದೂ ಹೋಗುವುದಿಲ್ಲ.

‘ದನಿ ಬರುತ್ತದೆ, ಚಿತ್ರ ಇಲ್ಲ’ ಎಂಬ ದೂರನ್ನೇ ತೆಗೆದುಕೊಳ್ಳಿ. ದನಿ ಕೇಳಿಸಿತು ಎಂದರೆ ಲಾಗಿನ್ ಸರಿಯಿದೆ, ಲಿಂಕ್ ಸರಿಯಿದೆ, ಸರ್ವರ್ ಫೈಲನ್ನು ಕೊಟ್ಟಿದೆ, ಅದು ವಿದ್ಯಾರ್ಥಿಯ ಯಂತ್ರದವರೆಗೆ ಬಂದಿದೆ. ಸೋತದ್ದು ಕೊನೆಯ ಹಂತದಲ್ಲಿ, ಬಂದ ಚಿತ್ರವನ್ನು ಬಿಡಿಸಿ ತೋರಿಸುವಲ್ಲಿ. ಇಂಥ ಕಡೆ ಕ್ಯಾಶೆ ಅಳಿಸಿ, ಬ್ರೌಸರ್ ಮತ್ತೆ ಹಾಕಿ, ರೂಟರ್ ಆರಿಸಿ ಹೊತ್ತಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ಅವರ ಸಮಯ ಹಾಳುಮಾಡಿದಂತೆ.

ಎಲ್ಲಕ್ಕಿಂತ ಮೊದಲು ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ. ತೊಂದರೆ ಬಂದ ಲ್ಯಾಪ್‌ಟಾಪ್‌ನಲ್ಲೇ ಆ ಫೈಲನ್ನು ಡೌನ್‌ಲೋಡ್ ಮಾಡಿಕೊಂಡು, ಅದನ್ನು ಎಳೆದು ಕ್ರೋಮ್‌ನ ಖಾಲಿ ಟ್ಯಾಬ್‌ಗೆ ಹಾಕಿ. ಅಲ್ಲೂ ಕಪ್ಪಾಗಿದ್ದರೆ ಮೂಡಲ್‌ನದೇನೂ ತಪ್ಪಿಲ್ಲ, ಫೈಲನ್ನು ನೋಡಬೇಕು. ಅಲ್ಲಿ ಚೆನ್ನಾಗಿ ಓಡಿ ಮೂಡಲ್ ಪುಟದಲ್ಲಿ ಓಡದಿದ್ದರೆ ಸರ್ವರ್ ಅಥವಾ ಪುಟವನ್ನು ನೋಡಬೇಕು. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಓಡಿತು ಎನ್ನುವುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ವಿಎಲ್‌ಸಿ ಹೆಚ್ಚುಕಡಿಮೆ ಎಲ್ಲವನ್ನೂ ಓಡಿಸುತ್ತದೆ, ಬ್ರೌಸರ್‌ಗಳು ಹಾಗಲ್ಲ.

ಡಬ್ಬಿಯ ಹೆಸರು ಒಂದು, ಒಳಗಿರುವುದು ಇನ್ನೊಂದು

ಎಂಪಿ4 ಎನ್ನುವುದು ಡಬ್ಬಿ ಮಾತ್ರ. ಅದರೊಳಗೆ ಚಿತ್ರವನ್ನು ಹಿಂಡಿಟ್ಟ ವಿಧಾನ (ಇದಕ್ಕೆ ಕೋಡೆಕ್ ಎನ್ನುತ್ತಾರೆ) ಎಚ್.264 ಆಗಿರಬಹುದು, ಎಚ್.265 ಆಗಿರಬಹುದು, ಎವಿ1 ಆಗಿರಬಹುದು, ಹಳೇ ಕಾಲದ ಎಂಪೆಗ್-4 ಪಾರ್ಟ್ 2 ಕೂಡ ಆಗಿರಬಹುದು. ಫೈಲಿನ ಹೆಸರಿನ ಕೊನೆಯಲ್ಲಿ ‘ಎಂಒವಿ’ ಇದ್ದದ್ದನ್ನು ‘ಎಂಪಿ4’ ಎಂದು ತಿದ್ದಿದರೆ ಡಬ್ಬಿಯ ಚೀಟಿ ಬದಲಾಗುತ್ತದೆ ಅಷ್ಟೇ, ಒಳಗಿನ ಕಾಳು ಬದಲಾಗುವುದಿಲ್ಲ. ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ಫೋನಿನಿಂದ ಬಂದ ಫೈಲು ಎಂದ ಕೂಡಲೇ ಮೊದಲು ಇದನ್ನೇ ವಿಚಾರಿಸಬೇಕು.

ಐಫೋನ್ 7 ಮತ್ತು ಆಮೇಲಿನ ಫೋನುಗಳು 2017ರ ಐಒಎಸ್ 11ರಿಂದ ವಿಡಿಯೊವನ್ನು ತಾವಾಗಿಯೇ ಎಚ್.265ರಲ್ಲಿ, ಅಂದರೆ ಎಚ್‌ಇವಿಸಿಯಲ್ಲಿ ತೆಗೆಯುತ್ತವೆ. ಜಾಗ ಉಳಿಯುತ್ತದೆ ಎನ್ನುವುದು ಅದರ ಲಾಭ. ಅನೇಕ ಆ್ಯಂಡ್ರಾಯ್ಡ್ ಫೋನುಗಳಲ್ಲೂ ಈ ಆಯ್ಕೆ ಇದೆ. ಕ್ರೋಮ್ 2022ರ 107ನೇ ಆವೃತ್ತಿಯಿಂದ ಎಚ್‌ಇವಿಸಿಯನ್ನು ತೋರಿಸುತ್ತದೆಯಾದರೂ ಆ ಯಂತ್ರದ ಗ್ರಾಫಿಕ್ಸ್ ಚಿಪ್‌ಗೆ ಎಚ್‌ಇವಿಸಿ ಬಿಡಿಸುವ ಶಕ್ತಿ ಇದ್ದರೆ ಮಾತ್ರ. ಫೈರ್‌ಫಾಕ್ಸ್ ವಿಂಡೋಸ್‌ನಲ್ಲಿ ಇದನ್ನು ಒಪ್ಪಿಕೊಂಡದ್ದು 2025ರ ಜನವರಿಯ 134ನೇ ಆವೃತ್ತಿಯಲ್ಲಿ. ನಿಮ್ಮಲ್ಲಿ ‘ಕೆಲವು’ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಕಪ್ಪಾಗುವುದಕ್ಕೆ ಇದೇ ಕಾರಣ: ಹೊಸ ಯಂತ್ರಗಳಲ್ಲಿ ಚಿತ್ರ ಬರುತ್ತದೆ, ಹಳೆಯವುಗಳಲ್ಲಿ ದನಿ ಮಾತ್ರ. ಸ್ಟಾಫ್ ರೂಮಿನ ಹೊಸ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಎಂದು ದುಡ್ಡು ಕೊಟ್ಟು ಹಾಕಿಕೊಳ್ಳುವಂಥದ್ದು ಸಿಗುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ಸೂಚಿಸಬೇಡಿ. ನೂರು ಜನ ತಮ್ಮ ಯಂತ್ರಗಳನ್ನು ತಿದ್ದಿಕೊಳ್ಳುವ ಬದಲು ನಾವು ಒಂದು ಫೈಲನ್ನು ತಿದ್ದುವುದು ನ್ಯಾಯ.

ಒಳಗೇನಿದೆ ಎಂದು ನೋಡಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಫೈಲನ್ನು ಅದರೊಳಗೆ ಎಳೆದು ಹಾಕಿ, ವ್ಯೂ ಮೆನುವಿನಲ್ಲಿ ‘ಟ್ರೀ’ ಆರಿಸಿ, ನಾಲ್ಕು ಸಾಲು ಓದಿ. ವಿಡಿಯೊದ ಫಾರ್ಮ್ಯಾಟ್ ‘ಎವಿಸಿ’ ಇರಬೇಕು (ಎಚ್.264ರ ಇನ್ನೊಂದು ಹೆಸರು ಇದು). ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿಯನ್ನು ಎಷ್ಟು ಕತ್ತರಿಸಿದೆ ಎಂಬ ಅಳತೆ) 4:2:0 ಇರಬೇಕು. ಬಿಟ್ ಡೆಪ್ತ್ 8 ಇರಬೇಕು. ಆಡಿಯೊ ಫಾರ್ಮ್ಯಾಟ್ ‘ಎಎಸಿ’ ಇರಬೇಕು. ಈ ನಾಲ್ಕೂ ಸರಿಯಿರುವ ಎಂಪಿ4 ಇವತ್ತು ಬಳಕೆಯಲ್ಲಿರುವ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಫೋನುಗಳಲ್ಲೂ ಓಡುತ್ತದೆ. ವಿಎಲ್‌ಸಿ ಇದ್ದರೆ ಕಂಟ್ರೋಲ್ ಮತ್ತು ಜೆ ಕೀಲಿ ಒಟ್ಟಿಗೆ ಒತ್ತಿದರೂ ಕೋಡೆಕ್‌ನ ವಿವರ ಸಿಗುತ್ತದೆ.

ನಿಮ್ಮ ಎರಡನೇ ದೂರಿನ ಸುಳಿವು ಮೇಲಿನ ನಾಲ್ಕರಲ್ಲಿ ಎರಡನೆಯ ಸಾಲಿನಲ್ಲಿದೆ. ಕಂಪ್ಯೂಟರ್ ಪರದೆಯನ್ನು ರೆಕಾರ್ಡ್ ಮಾಡುವ ಕೆಲವು ತಂತ್ರಾಂಶಗಳು ಅಕ್ಷರ ಚೂಪಾಗಿ ಬರಲಿ ಎಂದು ಬಣ್ಣದ ಮಾಹಿತಿಯನ್ನು ಒಂದಿಷ್ಟೂ ಕತ್ತರಿಸದೆ 4:4:4ರಲ್ಲಿ ಬರೆಯುತ್ತವೆ. ಹೆಸರಿಗೆ ಅದೂ ಎಚ್.264. ಆದರೆ ಫೋನಿನ ಚಿಪ್‌ಗಳು ಬಿಡಿಸುವುದು 4:2:0 ಅನ್ನು. ಹಾಗಾಗಿ ಲ್ಯಾಪ್‌ಟಾಪ್‌ನ ಕ್ರೋಮ್ ತನ್ನ ತಂತ್ರಾಂಶದ ಬಲದಿಂದ ಹೇಗೋ ಓಡಿಸುತ್ತದೆ, ಐಫೋನ್ ಕೈಬಿಡುತ್ತದೆ. ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವರಾದರೆ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ‘ಕಲರ್ ಫಾರ್ಮ್ಯಾಟ್’ ಎಂಬಲ್ಲಿ ‘ಎನ್‌ವಿ12’ ಇದೆಯೇ ನೋಡಿ. ‘ಐ444’ ಎಂದಿದ್ದರೆ ಅದೇ ಅಪರಾಧಿ. ಔಟ್‌ಪುಟ್ ವಿಭಾಗದಲ್ಲಿ ಎನ್‌ಕೋಡರ್ ಎಚ್.264 ಇರಲಿ, ಎಚ್‌ಇವಿಸಿಯೂ ಬೇಡ, ಎವಿ1 ಕೂಡ ಬೇಡ. ರೆಕಾರ್ಡಿಂಗನ್ನು ಎಂಕೆವಿ ಎಂಬ ಇನ್ನೊಂದು ಡಬ್ಬಿಯಲ್ಲಿ ಮಾಡಿ, ಆಮೇಲೆ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ ಮೂಲಕ ಎಂಪಿ4 ಮಾಡಿಕೊಳ್ಳುವುದು ಒಳ್ಳೆಯ ರೂಢಿ. ಪಾಠದ ನಡುವೆ ಕರೆಂಟು ಹೋದರೆ ಸಾಮಾನ್ಯ ಎಂಪಿ4 ಪೂರ್ತಿ ಕೈತಪ್ಪಿ ಹೋಗುತ್ತದೆ, ಎಂಕೆವಿ ಅಲ್ಲಿಯವರೆಗಿನದ್ದನ್ನು ಉಳಿಸಿಕೊಡುತ್ತದೆ.

ಈಗಾಗಲೇ ಇರುವ ಫೈಲುಗಳನ್ನು ಸರಿಮಾಡುವ ಬಗೆ

ವಿಡಿಯೊವನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಫೈಲನ್ನು ತೆರೆದು ಪ್ರೀಸೆಟ್‌ನಲ್ಲಿ ‘ಜನರಲ್’ ಗುಂಪಿನ ‘ಫಾಸ್ಟ್ 720ಪಿ30’ ಆರಿಸಿ. ಸ್ಲೈಡಿನಲ್ಲಿ ಚಿಕ್ಕ ಅಕ್ಷರ, ಪ್ರೋಗ್ರಾಮಿಂಗ್ ಕೋಡ್, ಲೆಕ್ಕದ ಸೂತ್ರ ಇದ್ದರೆ ‘ಫಾಸ್ಟ್ 1080ಪಿ30’. ಆಮೇಲೆ ಹೀಗೆ:

- ‘ಸಮ್ಮರಿ’ ಹಾಳೆಯಲ್ಲಿ ಫಾರ್ಮ್ಯಾಟ್ ಎಂಪಿ4 ಇರಲಿ, ‘ವೆಬ್ ಆಪ್ಟಿಮೈಸ್ಡ್’ ಮುಂದೆ ಟಿಕ್ ಹಾಕಿ. ಇದನ್ನು ಮರೆಯಲೇಬೇಡಿ, ಕಾರಣ ಮುಂದೆ ಬರುತ್ತದೆ.
- ‘ವಿಡಿಯೊ’ ಹಾಳೆಯಲ್ಲಿ ಎನ್‌ಕೋಡರ್ ‘ಎಚ್.264 (ಎಕ್ಸ್264)’. 10-ಬಿಟ್ ಎಂದು ಬರೆದಿರುವುದು ಬೇಡ. ಪ್ರೊಫೈಲ್ ‘ಮೇನ್’ ಅಥವಾ ‘ಹೈ’.
- ಫ್ರೇಮ್‌ರೇಟ್ 30, ಪಕ್ಕದಲ್ಲಿ ‘ಕಾನ್‌ಸ್ಟಂಟ್’. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ರೇಟ್ ಏರಿಳಿಸುತ್ತವೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಎಡಿಟಿಂಗ್ ಮಾಡುವಾಗ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ.
- ಗುಣಮಟ್ಟದ ಆರ್‌ಎಫ್ ಅಂಕಿ 22ರಿಂದ 24. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು.
- ‘ಆಡಿಯೊ’ ಹಾಳೆಯಲ್ಲಿ ಎಎಸಿ. ಮಾತಿನ ಪಾಠಕ್ಕೆ 96ರಿಂದ 128 ಕೆಬಿಪಿಎಸ್ ಧಾರಾಳ.

ಒಂದೊಂದೇ ಫೈಲು ಮಾಡುತ್ತ ಕೂರಬೇಕಿಲ್ಲ. ಇಡೀ ಫೋಲ್ಡರನ್ನು ತೆರೆದು ಎಲ್ಲವನ್ನೂ ಕ್ಯೂಗೆ ಸೇರಿಸಿ ರಾತ್ರಿ ಬಿಟ್ಟು ಹೋಗಬಹುದು. ಮೊದಲು ಒಂದೇ ಫೈಲನ್ನು ಮಾಡಿ, ಹಳೆಯ ಲ್ಯಾಪ್‌ಟಾಪ್ ಒಂದರಲ್ಲೂ ಐಫೋನ್ ಒಂದರಲ್ಲೂ ನೋಡಿದ ಮೇಲೆ ಉಳಿದವಕ್ಕೆ ಕೈಹಾಕಿ. ಮೂಲ ಫೈಲುಗಳನ್ನು ಅಳಿಸಬೇಡಿ.

ಇನ್ನು ಮುಂದೆ ಇದು ಮರುಕಳಿಸದಂತೆ ಮಾಡುವ ಜಾಗ ಉಪನ್ಯಾಸಕರ ಫೋನು. ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಬೇಕು. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಕ್ಯಾಮೆರಾದ ‘ರೆಕಾರ್ಡ್ ವಿಡಿಯೊ’ ಒಳಗಿನ ‘ಎಚ್‌ಡಿಆರ್ ವಿಡಿಯೊ’ ಆಯ್ಕೆಯನ್ನು ಆಫ್ ಮಾಡಿಡಬೇಕು. ಇಲ್ಲದಿದ್ದರೆ ಸಾಮಾನ್ಯ ಪರದೆಯಲ್ಲಿ ಬಣ್ಣವೆಲ್ಲ ತೊಳೆದಂತೆ ಮಂಕಾಗಿ, ಬಿಳಿ ಹಲಗೆ ಬೂದು ಬಣ್ಣವಾಗಿ ಕಾಣುವುದುಂಟು. ಆ್ಯಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನೊಳಗೆ ‘ಹೈ ಎಫಿಷಿಯನ್ಸಿ’ ಅಥವಾ ‘ಎಚ್.265’ ಎಂಬ ಹೆಸರಿನ ಆಯ್ಕೆ ಹುಡುಕಿ ಅದನ್ನು ಆಫ್ ಮಾಡಿಡಿ.

ಐದು ನಿಮಿಷದ ಸುತ್ತಾಟ

1.8 ಜಿಬಿ ಎಂದರೆ 14,400 ಮೆಗಾಬಿಟ್. 50 ಎಂಬಿಪಿಎಸ್ ವೇಗದಲ್ಲಿ ಅಷ್ಟನ್ನೂ ಇಳಿಸಲು 288 ಸೆಕೆಂಡು, ಅಂದರೆ 4 ನಿಮಿಷ 48 ಸೆಕೆಂಡು ಬೇಕು. ನಿಮ್ಮ ‘ಐದು ನಿಮಿಷ’ ಎಲ್ಲಿಂದ ಬಂತು ಎನ್ನುವುದಕ್ಕೆ ಇದೇ ಉತ್ತರ: ಬ್ರೌಸರ್ ಇಡೀ ಫೈಲು ಇಳಿದು ಮುಗಿಯುವವರೆಗೆ ಕಾಯುತ್ತಿದೆ. ಹಾಗೆ ಕಾಯಬೇಕಾದರೆ ಎರಡು ತಪ್ಪು ಒಟ್ಟಿಗೆ ಸೇರಿರಬೇಕು.

ಮೊದಲನೆಯದು ಫೈಲಿನದು. ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ, ದನಿ ಎಲ್ಲಿದೆ ಎಂದು ಹೇಳುವ ಪರಿವಿಡಿಯೊಂದು ಇರುತ್ತದೆ. ಅದಕ್ಕೆ ‘ಮೂವ್’ ಆಟಮ್ ಎಂದು ಹೆಸರು. ರೆಕಾರ್ಡಿಂಗ್ ಮುಗಿಯುವವರೆಗೆ ಪರಿವಿಡಿ ಬರೆಯಲು ಬರುವುದಿಲ್ಲವಾದ್ದರಿಂದ ಫೋನು, ಕ್ಯಾಮೆರಾಗಳು ಅದನ್ನು ಕೊನೆಯಲ್ಲಿ ಇಡುತ್ತವೆ. ಪರಿವಿಡಿ ಸಿಗದೆ ಬ್ರೌಸರ್ ಒಂದು ಫ್ರೇಮನ್ನೂ ತೋರಿಸಲಾರದು. ಹ್ಯಾಂಡ್‌ಬ್ರೇಕ್‌ನ ‘ವೆಬ್ ಆಪ್ಟಿಮೈಸ್ಡ್’ ಮಾಡುವ ಕೆಲಸ ಇಷ್ಟೇ, ಪರಿವಿಡಿಯನ್ನು ಮುಂದಕ್ಕೆ ತಂದಿಡುವುದು. ಕೋಡೆಕ್ ಸರಿಯಿದ್ದು ಇದೊಂದೇ ತಪ್ಪಿದ್ದರೆ ಮತ್ತೆ ಎನ್‌ಕೋಡ್ ಮಾಡುವುದು ದಂಡ. ಎಫ್‌ಎಫ್‌ಎಂಪೆಗ್ ಎಂಬ, ಆಜ್ಞೆ ಟೈಪ್ ಮಾಡಿ ಬಳಸುವ ತಂತ್ರಾಂಶ ಬಲ್ಲವರು ಕೋಡೆಕ್ ಜಾಗದಲ್ಲಿ ‘ಕಾಪಿ’ ಎಂದು ಕೊಟ್ಟು, ‘ಮೂವ್‌ಫ್ಲ್ಯಾಗ್ಸ್’ಗೆ ‘ಫಾಸ್ಟ್‌ಸ್ಟಾರ್ಟ್’ ಸೇರಿಸಿದರೆ ಗಂಟೆಯ ಪಾಠವೂ ಗುಣಮಟ್ಟ ಕೆಡದೆ ಬೇಗನೆ ಸಿದ್ಧವಾಗುತ್ತದೆ.

ಎರಡನೆಯ ತಪ್ಪು ಸರ್ವರಿನ ಕಡೆಯದು. ಪರಿವಿಡಿ ಕೊನೆಯಲ್ಲಿದ್ದರೂ ಜಾಣ ಬ್ರೌಸರ್ ‘ನನಗೆ ಫೈಲಿನ ಕೊನೆಯ ತುಂಡು ಮಾತ್ರ ಕೊಡು’ ಎಂದು ಕೇಳಬಲ್ಲದು. ಸರ್ವರ್ ಇದಕ್ಕೆ ಒಪ್ಪಿದರೆ 206 ಎಂಬ ಸಂಖ್ಯೆಯೊಂದಿಗೆ ಆ ತುಂಡನ್ನು ಕೊಡುತ್ತದೆ. ಒಪ್ಪದಿದ್ದರೆ 200 ಎಂದು ಹೇಳಿ ಮೊದಲಿನಿಂದ ಪೂರ್ತಿ ಫೈಲನ್ನು ಸುರಿಯುತ್ತದೆ. ಸಫಾರಿ ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು: ಮೊದಲಿಗೆ ಬರೀ ಎರಡು ಬೈಟ್ ಕೇಳಿ ನೋಡುತ್ತದೆ, ಅದಕ್ಕೆ ಸರಿಯಾದ 206 ಉತ್ತರ ಬರದಿದ್ದರೆ ವಿಡಿಯೊವನ್ನು ಓಡಿಸುವುದೇ ಇಲ್ಲ. ಪರದೆ ರೆಕಾರ್ಡಿಂಗ್‌ಗಳನ್ನು 4:2:0ಗೆ ಬದಲಿಸಿದ ಮೇಲೂ ಐಫೋನ್ ಹಟ ಮಾಡಿದರೆ ಇಲ್ಲಿಗೆ ಬಂದು ನೋಡಿ.

ನೋಡುವುದು ಹೀಗೆ. ಕ್ರೋಮ್‌ನಲ್ಲಿ ಪಾಠದ ಪುಟ ತೆರೆದು ಎಫ್12 ಒತ್ತಿ, ‘ನೆಟ್‌ವರ್ಕ್’ ಹಾಳೆಗೆ ಹೋಗಿ, ‘ಮೀಡಿಯಾ’ ಸೋಸುಗ ಹಾಕಿ, ಪುಟವನ್ನು ಮತ್ತೆ ತೆರೆದು ವಿಡಿಯೊ ಒತ್ತಿ. ಸ್ಟೇಟಸ್ ಕಾಲಂನಲ್ಲಿ 206 ಬಂದರೆ ಸರ್ವರ್ ಸರಿ. 403 ಬಂದರೆ ಅನುಮತಿಯ ತೊಂದರೆ. 404 ಬಂದರೆ ಫೈಲು ಆ ಜಾಗದಲ್ಲಿಲ್ಲ. 200 ಬಂದರೆ ತುಂಡು ಕೊಡುವ ಸೌಲಭ್ಯ ಎಲ್ಲೋ ಕಳಚಿದೆ ಎಂದರ್ಥ. ಮೂಡಲ್ ತನ್ನಷ್ಟಕ್ಕೆ ತುಂಡು ಕೊಡಬಲ್ಲದು, ಆದ್ದರಿಂದ ಕಳಚಿದ್ದು ಸಾಮಾನ್ಯವಾಗಿ ನಡುವೆ ಕೂತ ಎನ್‌ಜಿನ್‌ಎಕ್ಸ್ (ಪುಟ, ಫೈಲುಗಳನ್ನು ಬ್ರೌಸರ್‌ಗೆ ಕೊಡುವ ವೆಬ್ ಸರ್ವರ್ ತಂತ್ರಾಂಶ), ಪ್ರಾಕ್ಸಿ ಅಥವಾ ಫೈರ್‌ವಾಲ್‌ನಲ್ಲಿ. ಎನ್‌ಜಿನ್‌ಎಕ್ಸ್‌ನಲ್ಲಿ ಜಿಜಿಪ್ ಸಂಕುಚನವನ್ನು ಎಲ್ಲ ಬಗೆಯ ಫೈಲಿಗೂ ಅನ್ವಯಿಸುವಂತೆ ನಕ್ಷತ್ರ ಚಿಹ್ನೆ ಹಾಕಿಟ್ಟಿದ್ದರೆ ಅದು ವಿಡಿಯೊವನ್ನೂ ಹಿಂಡಲು ಹೋಗಿ, ತುಂಡಾಗಿ ಕೊಡುವ ಸೌಲಭ್ಯವನ್ನು ತೆಗೆದುಹಾಕುತ್ತದೆ. ವಿಡಿಯೊ ಮೊದಲೇ ಹಿಂಡಿದ ಸರಕು, ಅದನ್ನು ಜಿಜಿಪ್ ಮಾಡಿ ಗಳಿಸುವುದೇನೂ ಇಲ್ಲ. ಪಠ್ಯ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಿಗೆ ಮಾತ್ರ ಅದನ್ನು ಬಿಡಿ.

ಸರ್ವರ್ ಬಗ್ಗೆ ಕೇಳಿದಿರಲ್ಲ, ಲೆಕ್ಕ ಹಾಕೋಣ. ಒಂದು ಗಂಟೆಗೆ 1.8 ಜಿಬಿ ಎಂದರೆ ಸರಾಸರಿ 4 ಎಂಬಿಪಿಎಸ್. 60 ವಿದ್ಯಾರ್ಥಿಗಳು ಒಟ್ಟಿಗೆ ನೋಡಿದರೆ 240 ಎಂಬಿಪಿಎಸ್ ಬೇಕು. ಅದೇ ಪಾಠವನ್ನು 1 ಎಂಬಿಪಿಎಸ್‌ಗೆ ಇಳಿಸಿದರೆ (ಸ್ಲೈಡು, ಮಾತು ಇರುವ 720ಪಿ ಪಾಠಕ್ಕೆ ಅಷ್ಟು ಸಾಕಾಗುತ್ತದೆ) ಗಂಟೆಗೆ 450 ಎಂಬಿ, 60 ಜನಕ್ಕೆ 60 ಎಂಬಿಪಿಎಸ್. ಕಾಲೇಜಿನ 100 ಎಂಬಿಪಿಎಸ್ ಸಾಲು ಇದನ್ನು ತಡೆದುಕೊಳ್ಳುತ್ತದೆ, ಹಿಂದಿನದನ್ನು ಯಾವ ಹೊಸ ಸರ್ವರ್ ಇಟ್ಟರೂ ತಡೆಯದು. ವಿದ್ಯಾರ್ಥಿಗಳ ಮೊಬೈಲ್ ಡೇಟಾ ಕೂಡ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇಟ್ಟುಕೊಂಡವರಿಗೆ 1.8 ಜಿಬಿಯ ಪಾಠ ಎಂದರೆ ಆ ದಿನ ಪೂರ್ತಿ ಪಾಠವೇ ಇಲ್ಲ.

ಸರ್ವರಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಮೂಡಲ್ ಪ್ರತಿ ಫೈಲನ್ನೂ ‘ನೋಡಲು ಇವರಿಗೆ ಹಕ್ಕಿದೆಯೇ’ ಎಂದು ಪರಿಶೀಲಿಸಿ ಪಿಎಚ್‌ಪಿ (ಮೂಡಲ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಮೂಲಕ ಕೊಡುತ್ತದೆ. ದೊಡ್ಡ ಫೈಲು ನಿಧಾನ ಸಂಪರ್ಕದಲ್ಲಿ ಸಾಗುವಾಗ ಪಿಎಚ್‌ಪಿಯ ಒಂದು ಪ್ರಕ್ರಿಯೆ ಅದಕ್ಕೇ ಕಟ್ಟಿಬೀಳಬಹುದು. ಪಿಎಚ್‌ಪಿ-ಎಫ್‌ಪಿಎಂ (ಈ ಪ್ರಕ್ರಿಯೆಗಳನ್ನು ನಡೆಸುವ ಭಾಗ) ಜೊತೆಗೆ ಬರುವ ಮೂಲ ಸೆಟ್ಟಿಂಗ್‌ನಲ್ಲಿ ಇಂಥ ಪ್ರಕ್ರಿಯೆಗಳ ಮಿತಿ 5. ಯಾರೂ ಅದನ್ನು ಮುಟ್ಟಿಲ್ಲದಿದ್ದರೆ ಬೆರಳೆಣಿಕೆಯ ಜನ ವಿಡಿಯೊ ನೋಡುವಾಗಲೇ ಉಳಿದವರಿಗೆ ಇಡೀ ತಾಣ ನಿಂತಂತಾಗಬಹುದು. ಯಂತ್ರದ ಮೆಮೊರಿ ನೋಡಿಕೊಂಡು ಆ ಮಿತಿಯನ್ನು ಏರಿಸಿ. ಮೂಡಲ್‌ನ ಕಾನ್ಫಿಗ್ ಫೈಲಿನಲ್ಲಿ ‘ಎಕ್ಸ್‌ಸೆಂಡ್‌ಫೈಲ್’ ಸೌಲಭ್ಯವನ್ನು ತೆರೆದರೆ ಇನ್ನೂ ಒಳ್ಳೆಯದು: ಹಕ್ಕಿನ ಪರಿಶೀಲನೆ ಪಿಎಚ್‌ಪಿ ಮಾಡುತ್ತದೆ, ಫೈಲು ಸಾಗಿಸುವ ಕೆಲಸವನ್ನು ಎನ್‌ಜಿನ್‌ಎಕ್ಸ್ ಅಥವಾ ಅಪಾಚೆ ತಾನೇ ವಹಿಸಿಕೊಳ್ಳುತ್ತದೆ.

ಎರರ್ 153 ಮತ್ತು ಅದರ ನೆಂಟರು

ಯೂಟ್ಯೂಬ್ ಈಗ ತನ್ನ ಪ್ಲೇಯರ್ ಯಾವ ತಾಣದೊಳಗೆ ಕೂತಿದೆ ಎಂದು ತಿಳಿಯಬಯಸುತ್ತದೆ. ಆ ವಿಷಯ ಬ್ರೌಸರ್ ಕಳಿಸುವ ‘ರೆಫರರ್’ ಎಂಬ ಸಾಲಿನಿಂದ ಗೊತ್ತಾಗಬೇಕು. ನಿಮ್ಮ ತಾಣ ‘ಯಾರಿಗೂ ಹೇಳಬೇಡ’ ಎಂದು ಬ್ರೌಸರ್‌ಗೆ ಆಜ್ಞೆ ಕೊಟ್ಟಿದ್ದರೆ ಯೂಟ್ಯೂಬ್ 153 ಎಂದು ಬಾಗಿಲು ಮುಚ್ಚುತ್ತದೆ. ಮೂಡಲ್‌ನಲ್ಲಿ ಸೈಟ್ ಅಡ್ಮಿನಿಸ್ಟ್ರೇಷನ್, ಸೆಕ್ಯುರಿಟಿ, ಎಚ್‌ಟಿಟಿಪಿ ಸೆಕ್ಯುರಿಟಿ ಒಳಗೆ ‘ರೆಫರರ್ ಪಾಲಿಸಿ’ ಎಂಬ ಆಯ್ಕೆ ನೋಡಿ. ‘ನೋ-ರೆಫರರ್’ ಅಥವಾ ‘ಸೇಮ್-ಒರಿಜಿನ್’ ಇದ್ದರೆ ‘ಸ್ಟ್ರಿಕ್ಟ್-ಒರಿಜಿನ್-ವೆನ್-ಕ್ರಾಸ್-ಒರಿಜಿನ್’ ಮಾಡಿ. ಇದರಿಂದ ಹೊರಗೆ ಹೋಗುವುದು ತಾಣದ ಹೆಸರು ಮಾತ್ರ, ವಿದ್ಯಾರ್ಥಿ ಯಾವ ಪುಟದಲ್ಲಿದ್ದಾನೆ ಎನ್ನುವುದಲ್ಲ. ಅಲ್ಲಿ ಸರಿಯಿದ್ದೂ ತೊಂದರೆ ಹೋಗದಿದ್ದರೆ ಅದೇ ಆಜ್ಞೆಯನ್ನು ಎನ್‌ಜಿನ್‌ಎಕ್ಸ್ ಅಥವಾ ಅಪಾಚೆಯ ಸೆಟ್ಟಿಂಗ್‌ನಲ್ಲಿ ಬೇರೆಯವರು ಹಾಕಿರಬಹುದು. ಸುರಕ್ಷತಾ ಪರಿಶೀಲನೆ ಮಾಡಿಸಿದ ತಾಣಗಳಲ್ಲಿ ಇದನ್ನು ಮೊದಲು ಅನುಮಾನಿಸಿ.

ಚೌಕಟ್ಟಿನೊಳಗೆ ‘ರಿಫ್ಯೂಸ್ಡ್ ಟು ಕನೆಕ್ಟ್’ ಎಂದು ಬಂದರೆ ಕಾರಣ ಬೇರೆ. ನೋಡುವ ಪುಟದ ಸಾಮಾನ್ಯ ವಿಳಾಸವನ್ನೇ ಐಫ್ರೇಮ್‌ಗೆ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಅಂಟಿಸಿರುತ್ತಾರೆ. ಯೂಟ್ಯೂಬ್‌ನಲ್ಲಿ ಶೇರ್ ಒತ್ತಿ ‘ಎಂಬೆಡ್’ ಕೊಡುವ ವಿಳಾಸವೇ ಬೇಕು. ಅಥವಾ ಮೂಡಲ್ ಎಡಿಟರ್‌ನಲ್ಲಿ ಸಾಮಾನ್ಯ ಲಿಂಕನ್ನು ಹಾಕಿ ಬಿಟ್ಟರೆ ‘ಮಲ್ಟಿಮೀಡಿಯಾ ಪ್ಲಗಿನ್ಸ್’ ಫಿಲ್ಟರ್ ತಾನೇ ಅದನ್ನು ಪ್ಲೇಯರ್ ಮಾಡುತ್ತದೆ. ಪ್ಲೇಯರ್ ಬದಲು ಬರೀ ನೀಲಿ ಲಿಂಕ್ ಕಾಣುತ್ತಿದ್ದರೆ ಆ ಫಿಲ್ಟರ್ ಆಫ್ ಆಗಿದೆ. ಸೈಟ್ ಅಡ್ಮಿನಿಸ್ಟ್ರೇಷನ್, ಪ್ಲಗಿನ್ಸ್, ಫಿಲ್ಟರ್ಸ್, ಮ್ಯಾನೇಜ್ ಫಿಲ್ಟರ್ಸ್ ಒಳಗೆ ಆನ್ ಮಾಡಿ, ‘ಮೀಡಿಯಾ ಪ್ಲೇಯರ್ಸ್’ ಪಟ್ಟಿಯಲ್ಲಿ ವಿಡಿಯೊಜೆಎಸ್ ಮತ್ತು ಯೂಟ್ಯೂಬ್ ಚಾಲೂ ಇವೆಯೇ ನೋಡಿ.

ಗೂಗಲ್ ಡ್ರೈವ್‌ನ ವಿಡಿಯೊ ಆದರೆ ಲಿಂಕ್ ಇರುವ ಎಲ್ಲರಿಗೂ ನೋಡುವ ಅನುಮತಿ ಇರಬೇಕು, ವಿಳಾಸದ ಕೊನೆಯಲ್ಲಿ ‘ವ್ಯೂ’ ಬದಲು ‘ಪ್ರಿವ್ಯೂ’ ಇರಬೇಕು. ದೊಡ್ಡ ತರಗತಿಗೆ ಡ್ರೈವ್ ಯೋಗ್ಯವಲ್ಲ, ಒಂದೇ ಫೈಲನ್ನು ಬಹಳ ಜನ ನೋಡಿದರೆ ಅದು ತಡೆ ಹಾಕುತ್ತದೆ.

ಲ್ಯಾಬಿನಲ್ಲಿ ಮಾತ್ರ ಯೂಟ್ಯೂಬ್ ಚೌಕಟ್ಟು ಬಂದು ಒಳಗೆ ಸುತ್ತುತ್ತಲೇ ಇದ್ದರೆ ಕಾಲೇಜಿನ ಫೈರ್‌ವಾಲ್ ನೋಡಿ. ಯೂಟ್ಯೂಬ್‌ನ ವಿಳಾಸವನ್ನು ಬಿಟ್ಟು, ನಿಜವಾಗಿ ವಿಡಿಯೊ ಹರಿದುಬರುವ ‘ಗೂಗಲ್‌ವಿಡಿಯೊ’ ಎಂಬ ವಿಳಾಸವನ್ನು ತಡೆದಿದ್ದರೆ ಹೀಗಾಗುತ್ತದೆ. ಎನ್‌ಪಿಟಿಇಎಲ್‌ನ ಪಾಠಗಳೂ ಯೂಟ್ಯೂಬ್‌ನಲ್ಲೇ ಇರುವುದರಿಂದ ಈ ಎರಡನ್ನೂ ಲ್ಯಾಬಿಗೆ ತೆರೆದಿಡುವುದು ಅಗತ್ಯ.

ಬಿಳಿ ಪುಟದ ಸ್ಕಾರ್ಮ್

ಪ್ಯಾಕೇಜ್ ಎಂದರೆ ಒಂದು ಜಿಪ್ ಫೈಲು. ಅದನ್ನು ಬಿಚ್ಚಿ ಒಳಗೆ ‘ಎಸ್‌ಡಬ್ಲ್ಯುಎಫ್’ ಅಥವಾ ‘ಎಫ್‌ಎಲ್‌ವಿ’ ಎಂದು ಕೊನೆಗೊಳ್ಳುವ ಫೈಲುಗಳಿವೆಯೇ ನೋಡಿ. ಇದ್ದರೆ ಅದು ಫ್ಲ್ಯಾಶ್‌ನಲ್ಲಿ ಮಾಡಿದ ಪಾಠ. ಅಡೋಬಿ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ಕ್ಕೆ, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಓಡಿಸುವುದನ್ನು ತಡೆಯಿತು. ಯಾವ ಬ್ರೌಸರ್ ಸೆಟ್ಟಿಂಗ್‌ನಿಂದಲೂ ಅದು ಮರಳಿ ಬರುವುದಿಲ್ಲ. ಹಳೆಯ ಫ್ಲ್ಯಾಶ್ ಹಾಕಿಕೊಳ್ಳಿ ಎನ್ನುವ ತಾಣಗಳ ಹತ್ತಿರ ಹೋಗಬೇಡಿ, ಅಲ್ಲಿಂದ ವೈರಸ್ ಬರುವ ಸಂಭವವೇ ಹೆಚ್ಚು.

ಪಾಠ ತಯಾರಿಸಿದವರ ಬಳಿ ಕ್ಯಾಪ್ಟಿವೇಟ್ ಅಥವಾ ಸ್ಟೋರಿಲೈನ್‌ನ ಮೂಲ ಪ್ರಾಜೆಕ್ಟ್ ಫೈಲು ಇದ್ದರೆ ಹೊಸ ಆವೃತ್ತಿಯಲ್ಲಿ ತೆರೆದು ಎಚ್‌ಟಿಎಂಎಲ್5 ಆಗಿ ಮತ್ತೆ ಪಬ್ಲಿಷ್ ಮಾಡಿಸಿ. ಮೂಲ ಕಳೆದುಹೋಗಿದ್ದರೂ ಎಫ್‌ಎಲ್‌ವಿ ವಿಡಿಯೊಗಳನ್ನು ಹ್ಯಾಂಡ್‌ಬ್ರೇಕ್ ಎಂಪಿ4 ಮಾಡಿಕೊಡುತ್ತದೆ, ಪಾಠದ ತಿರುಳು ಉಳಿಯುತ್ತದೆ. ಪ್ರಶ್ನೆಗಳನ್ನು ಮೂಡಲ್‌ನ ಕ್ವಿಜ್ ಅಥವಾ ಎಚ್5ಪಿಯಲ್ಲಿ ಮತ್ತೆ ಕಟ್ಟಬೇಕು. ಸರಳ ಫ್ಲ್ಯಾಶ್ ಅನಿಮೇಷನ್‌ಗಳಿಗೆ ರಫಲ್ ಎಂಬ ಎಮ್ಯುಲೇಟರ್ ನೆರವಾಗುತ್ತದೆ, ಆದರೆ ಅಂಕಗಳನ್ನು ಅದರ ಮೇಲೆ ಅವಲಂಬಿಸಬೇಡಿ. ಹೊಸ ಪ್ಯಾಕೇಜನ್ನು ಹಳೆಯ ಚಟುವಟಿಕೆಯ ಮೇಲೇ ಏರಿಸಿದರೆ ಈಗಾಗಲೇ ದಾಖಲಾದ ಪ್ರಯತ್ನಗಳು ಹೊಂದದೆ ಹೋಗಬಹುದು, ಆದ್ದರಿಂದ ಸೆಮಿಸ್ಟರ್ ನಡುವೆ ಬೇಡ.

ಫ್ಲ್ಯಾಶ್ ಇಲ್ಲದ ಪ್ಯಾಕೇಜೂ ಖಾಲಿ ಕಂಡರೆ ಫೈಲುಗಳ ಹೆಸರು ನೋಡಿ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಲಿನಕ್ಸ್ ಸರ್ವರ್‌ಗೆ ಅವು ಬೇರೆ ಬೇರೆ. ನಮ್ಮವರು ಎಡವುವ ಇನ್ನೊಂದು ಜಾಗ ಕನ್ನಡದ ಫೈಲ್ ಹೆಸರು. ಕೆಲವು ಜಿಪ್ ತಂತ್ರಾಂಶಗಳು ಹೆಸರು ಯೂನಿಕೋಡ್‌ನಲ್ಲಿದೆ ಎಂದು ಗುರುತು ಹಾಕುವುದಿಲ್ಲ, ಸರ್ವರಿನಲ್ಲಿ ಬಿಚ್ಚಿದಾಗ ‘ಪಾಠ ಒಂದು’ ಎಂಬ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ವಿಡಿಯೊ 404 ಆಗುತ್ತದೆ. ಶೀರ್ಷಿಕೆ, ವಿವರಣೆ ಎಲ್ಲವೂ ಕನ್ನಡದಲ್ಲಿರಲಿ, ಅವಕ್ಕೆ ಏನೂ ಆಗುವುದಿಲ್ಲ. ಪ್ಯಾಕೇಜಿನೊಳಗಿನ ಫೈಲುಗಳ ಹೆಸರು ಮಾತ್ರ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆಯಲ್ಲಿರಲಿ. ಖಾಲಿ ಜಾಗ, ಶೇಕಡಾ ಚಿಹ್ನೆ, ಹ್ಯಾಶ್ ಚಿಹ್ನೆ ಬೇಡ.

ಮೊದಲ ಚಿತ್ರ ಕಂಡು ಅಲ್ಲೇ ನಿಂತಿದ್ದರೆ ತಾನಾಗಿ ಶುರುವಾಗುವ ವಿಡಿಯೊವನ್ನು ಬ್ರೌಸರ್ ತಡೆದಿದೆ. ಕ್ರೋಮ್ 2018ರಿಂದಲೂ, ಸಫಾರಿ 2017ರಿಂದಲೂ ಬಳಕೆದಾರ ಒಂದು ಸಲ ಒತ್ತದೆ ಸದ್ದಿರುವ ವಿಡಿಯೊವನ್ನು ಸಾಮಾನ್ಯವಾಗಿ ಶುರುಮಾಡುವುದಿಲ್ಲ. ಪಾಠದ ಮೊದಲ ಪುಟದಲ್ಲಿ ‘ಪಾಠ ಆರಂಭಿಸಿ’ ಎಂಬ ಗುಂಡಿ ಇಡಿ.

ಒಂದೇ ಯಂತ್ರದಲ್ಲಿ ಮಾತ್ರ ತೊಂದರೆಯಾದರೆ

ಫೈಲೂ ಸರಿ, ಸರ್ವರೂ ಸರಿ, ಒಬ್ಬರಿಗೆ ಮಾತ್ರ ಚಿತ್ರ ಹಸಿರಾಗುತ್ತದೆ, ಮಿನುಗುತ್ತದೆ ಅಥವಾ ಕಪ್ಪಾಗುತ್ತದೆ ಎಂದರೆ ಗ್ರಾಫಿಕ್ಸ್ ಡ್ರೈವರ್ ಅನುಮಾನಿಸಿ. ಕ್ರೋಮ್ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ಒಳಗೆ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಮಾಡಿ ಬ್ರೌಸರ್ ಮತ್ತೆ ತೆರೆಯಿರಿ. ಸರಿಹೋದರೆ ರೋಗ ಗೊತ್ತಾಯಿತು, ಡ್ರೈವರನ್ನು ನವೀಕರಿಸಿ ಆ ಆಯ್ಕೆಯನ್ನು ಮತ್ತೆ ಆನ್ ಮಾಡಿ. ಆಫ್ ಮಾಡಿಯೇ ಬಿಟ್ಟರೆ ಎಲ್ಲ ಹೊರೆ ಪ್ರೊಸೆಸರ್ ಮೇಲೆ ಬಿದ್ದು ಹಳೆಯ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ವಿಂಡೋಸ್‌ನ ‘ಎನ್’ ಆವೃತ್ತಿಯಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಬೇರೆಯಾಗಿ ಹಾಕಬೇಕು. ಲಿನಕ್ಸ್ ಲ್ಯಾಬ್‌ಗಳಲ್ಲಿ ಫೈರ್‌ಫಾಕ್ಸ್‌ಗೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಇಲ್ಲದಿದ್ದರೆ ಎಚ್.264 ಓಡುವುದಿಲ್ಲ.

ಕನ್ನಡ ಸಬ್‌ಟೈಟಲ್ ಹಾಕುವುದಾದರೆ ಮೂಡಲ್ ಪ್ಲೇಯರ್‌ಗೆ ಎಸ್‌ಆರ್‌ಟಿ ನಡೆಯುವುದಿಲ್ಲ, ವಿಟಿಟಿ ಬೇಕು. ಫೈಲು ಯುಟಿಎಫ್-8ರಲ್ಲಿ ಉಳಿಸಿರಬೇಕು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಗೊಂದಲ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಇಷ್ಟಾದ ಮೇಲೂ ದೂರು ಬಂದರೆ ‘ವಿಡಿಯೊ ಬರುತ್ತಿಲ್ಲ’ ಎಂಬ ಸಾಲನ್ನಷ್ಟೇ ತೆಗೆದುಕೊಳ್ಳಬೇಡಿ. ಯಾವ ಪಾಠ, ಫೋನೋ ಕಂಪ್ಯೂಟರೋ, ಯಾವ ಬ್ರೌಸರ್, ದನಿ ಕೇಳಿಸಿತೇ, ಪರದೆಯ ಮೇಲೆ ಬರೆದು ಬಂದದ್ದೇನು, ಮೊಬೈಲ್ ಡೇಟಾದಲ್ಲೂ ಹೀಗೆಯೇ ಆಯಿತೇ ಎಂಬ ಆರು ಪ್ರಶ್ನೆಗಳ ಒಂದು ಚಿಕ್ಕ ಫಾರ್ಮ್ ಅನ್ನು ಪಾಠದ ಪುಟದ ಕೆಳಗೇ ಇಡಿ. ಪರದೆಯ ಚಿತ್ರವೊಂದನ್ನು ಲಗತ್ತಿಸಲು ಹೇಳಿ. ದನಿ ಕೇಳಿಸಿತೇ ಎಂಬ ಪ್ರಶ್ನೆಯನ್ನು ಮೊದಲಿಗೇ ಹಾಕಿ, ಉತ್ತರ ‘ಹೌದು’ ಎಂದಾದರೆ ಸರ್ವರ್ ಬಿಟ್ಟು ನೇರವಾಗಿ ಆ ಫೈಲನ್ನು ಮೀಡಿಯಾಇನ್ಫೋಗೆ ಎಳೆದು ಹಾಕಿ.